ದೊಡ್ಡಕ್ಕನ ಜಾಗಕ್ಕೆ

ನವೆಂಬರ್ ೧೪, ಭಾನುವಾರ ಮಧ್ಯಾಹ್ನ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆದುಬಿಡುವುದು ಸುಲಭ, ಅದಕ್ಕೇ ಮೊದಲು ಅದನ್ನು ಬರೆದಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರವಿಲ್ಲವೆಂದು ನಿನಗೆ ಸಿಟ್ಟು ಬಂದಿರಬೇಕು, ಬರಲಿ. ಹೊಲಿಗೆ ಬಹಳ ಇತ್ತು ಎಂದು ಬರೆದುಬಿಡು ಅಂತ ನಿನ್ನ ಅಪ್ಪ ಹೇಳಿಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗಾಗುತ್ತದೆ. ಫೋನಿನಲ್ಲೇ ಹೇಳಿ ಮುಗಿಸು ಎಂದ ನಿನ್ನ ಅಣ್ಣ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಸುಳ್ಳು ಹೇಳಿಬಿಡುತ್ತೇನೆ ಮಗಳೇ. ಕಾಗದದ ಮೇಲೆ ಆದರೆ ಸುಳ್ಳು ಬರೆಯಲು ಸ್ವಲ್ಪ ನಾಚಿಕೆಯಾಗುತ್ತದೆ.

ಅಪ್ಪನ ಮೊಣಕಾಲು ನೋವು ಹಾಗೇ ಇದೆ, ಹಾಲಿನ ವ್ಯಾನು ಓಡಿಸುವುದನ್ನು ಮಾತ್ರ ಬಿಡುವುದಿಲ್ಲ. ಅಣ್ಣನಿಗೆ ಮರದ ಮಿಲ್ಲಿನಲ್ಲಿ ಹಗಲು ಪಾಳಿ ಸಿಕ್ಕಿದೆ. ಅತ್ತಿಗೆ ಚೆನ್ನಾಗಿದ್ದಾಳೆ, ದಿನಕ್ಕೊಮ್ಮೆ ನಿನ್ನ ಹೆಸರೆತ್ತುತ್ತಾಳೆ. ಅಳಿಯಂದಿರು ಬಂದು ಹೋದರು. ನಿನ್ನ ನೇಮಕ ಇಲ್ಲಿಗೇ ಆಗುವುದಾದರೆ ಬಸ್ ನಿಲ್ದಾಣದ ಪಕ್ಕ ಬೈಕ್ ರಿಪೇರಿ ಅಂಗಡಿ ಇಡುತ್ತೇನೆ ಎಂದು ಜಾಗವನ್ನೂ ನೋಡಿಕೊಂಡು ಹೋಗಿದ್ದಾರೆ. ಇನ್ನು ನಿನ್ನ ಅಪ್ಪ! ವ್ಯಾನು ನಿಂತ ಕಡೆಯಲ್ಲೆಲ್ಲ "ನಮ್ಮ ಪುಟ್ಟಿ ಸರ್ಕಾರದ ದಾದಿ ಆಗಿ ನಮ್ಮೂರಿಗೇ ಬರ್ತಾಳೆ" ಎಂದು ಸಾರಿಕೊಂಡು ಬರುತ್ತಾರೆ. ಹಾಲಿಗಿಂತ ಈ ಸುದ್ದಿಯನ್ನೇ ಹೆಚ್ಚು ಹಂಚಿದ್ದಾರೆ. ಹೆರಿಗೆ ಕೋಣೆಯ ಬಾಗಿಲಿಗೆ ತಾವೇ ಬಣ್ಣ ಬಳಿಯುವುದಾಗಿ ಈಗಿನ ದಾದಿ ದೊಡ್ಡಕ್ಕನಿಗೆ ಮಾತು ಕೂಡ ಕೊಟ್ಟಿದ್ದಾರೆ.

ನಿನ್ನ ಕಾಗದದಲ್ಲಿ ಎರಡು ವಿಷಯವಿತ್ತು. ಸರ್ಕಾರ ಹಳ್ಳಿಗಳಿಗೆ ಕಳಿಸುವ ದಾದಿಯರ ಬಗ್ಗೆ ಹೆತ್ತ ತಾಯಂದಿರು ಏನನ್ನುತ್ತಾರೆ ಎಂದು ಊರಿನಲ್ಲಿ ಕೇಳಿ ತಿಳಿದುಕೊಳ್ಳಿ ಅಂತ ತರಬೇತಿಯ ಟೀಚರು ಹೇಳಿದ್ದಾರೆ ಎಂದಿದ್ದೆ. ಇನ್ನೊಂದನ್ನು ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೆ. ದೊಡ್ಡಕ್ಕ ಮಾರ್ಚಿಗೆ ನಿವೃತ್ತಿಯಾಗುತ್ತಾರಲ್ಲ, ಅವರ ಜಾಗವನ್ನೇ ಕೇಳಿ ಅರ್ಜಿ ಹಾಕುತ್ತೇನೆ, ನನ್ನ ಕೂಸು ಮಲಗಿರುವ ಊರಿನಲ್ಲೇ ಕೆಲಸ ಮಾಡಬೇಕು, ಊರವರಿಗೆಲ್ಲ ಸಂತೋಷ ತಾನೇ ಅಮ್ಮ ಎಂದು ಕೇಳಿದ್ದೆ. ಮೊದಲನೆಯದಕ್ಕೆ ಉತ್ತರ ಕೊಡುವುದು ಸುಲಭ, ಅದನ್ನು ಮೊದಲು ಬರೆಯುತ್ತೇನೆ.

ಊರಿನಲ್ಲಿ ಯಾರು ಬಸುರಿ ಎಂದು ದೊಡ್ಡಕ್ಕನಿಗಿಂತ ಮೊದಲು ನನಗೆ ತಿಳಿಯುತ್ತದೆ ಎನ್ನುವುದು ನಿನಗೇ ಗೊತ್ತು. ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಿ ಎಂದು ಬಟ್ಟೆ ತರುತ್ತಾರೆ. ಏನಮ್ಮ ವಿಶೇಷ ಎಂದರೆ, "ದಪ್ಪ ಆಗಿದ್ದೀನಕ್ಕ" ಎನ್ನುತ್ತಾರೆ. ಬರೀ ಸೊಂಟ ಮಾತ್ರ ದಪ್ಪವಾಗುವ ಕಾಯಿಲೆ ನಮ್ಮೂರಿನಲ್ಲಿ ಬಹಳ. ಹಾಗಾಗಿ ನಿನ್ನ ಪ್ರಶ್ನೆ ಹಿಡಿದು ನಾನು ಮನೆಮನೆ ಸುತ್ತಲಿಲ್ಲ. ಒಂದು ಮಧ್ಯಾಹ್ನ ಬೇಕರಿಯವಳು, ಕೋಳಿ ಸಾಕುವವಳು, ಶಾಲೆಯ ಟೀಚರಮ್ಮ ಮೂವರೂ ನನ್ನ ಯಂತ್ರದ ಮುಂದೆ ಬಟ್ಟೆಗಾಗಿ ಕಾಯುತ್ತ ಕೂತಿದ್ದರು. ಕೇಳಿದೆ.

ಬೇಕರಿಯವಳ ಮೊದಲ ಹೆರಿಗೆ ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಆದದ್ದು. "ಅಂಗಾತ ಮಲಗಿಸಿಬಿಟ್ರು ಅಕ್ಕ, ಅಲ್ಲಾಡೋ ಹಾಗಿಲ್ಲ. ಕಿರುಚಿದ್ರೆ ಬೈತಾರೆ. ನಮ್ಮಮ್ಮನ್ನ ಗೇಟಿನ ಹತ್ರಾನೇ ನಿಲ್ಲಿಸಿದ್ರು. ಎರಡನೇದು ದೊಡ್ಡಕ್ಕನ ಹತ್ರ. ನಡೀಬೇಕು ಅಂದೆ, ನಡೆಸಿದ್ರು. ಬೆನ್ನು ಉಜ್ಜಿದ್ರು. ನೀರು ಕುಡಿಸಿದ್ರು. ಅಮ್ಮ ತಲೆ ಹತ್ರಾನೇ ಕೂತಿದ್ಲು. ಸರ್ಕಾರ ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಅಂದ್ರೆ ಅದು" ಎಂದಳು.

ಕೋಳಿಯವಳು ನಾಲ್ಕು ಹೆತ್ತವಳು, ಅವಳ ಮಾತಿಗೆ ಸುಣ್ಣ ಬಣ್ಣ ಇರುವುದಿಲ್ಲ. "ಒಳ್ಳೆಯವರೇ. ಆದ್ರೂ ಸರ್ಕಾರದವರಲ್ವಾ? ಸ್ವಲ್ಪ ಬೀಪಿ ಏರಿದ್ರೆ ಸಾಕು, ಆಸ್ಪತ್ರೆ ವ್ಯಾನು ಕರೆಸಿ ಪಟ್ಟಣಕ್ಕೆ ಸಾಗಹಾಕ್ತಾರೆ" ಎಂದಳು. ಅದಕ್ಕೇ ಅವಳು ಕೊನೆಯ ಮಗುವಿಗೆ ನೋವು ಬಂದದ್ದನ್ನು ಯಾರಿಗೂ ಹೇಳದೆ, ಹಲ್ಲು ಕಚ್ಚಿಕೊಂಡು ಕೋಳಿಗೆ ಕಾಳು ಹಾಕುತ್ತಿದ್ದಳಂತೆ. ಇನ್ನು ಕಳಿಸಲು ಸಮಯವೇ ಇಲ್ಲ ಎನ್ನುವಾಗ ಹೋಗಿ ದೊಡ್ಡಕ್ಕನ ಮಂಚ ಹತ್ತಿದಳು. ದೊಡ್ಡಕ್ಕ ಮಗುವನ್ನು ಹಿಡಿಯುತ್ತಲೇ ಬೈದರಂತೆ. ಹೀಗೆ ಮಾಡುವವರು ಇವಳೊಬ್ಬಳೇ ಅಲ್ಲ ಪುಟ್ಟಿ. ಕಾಲು ಬಾತಿದ್ದರೆ ಮುಚ್ಚಿಡುತ್ತಾರೆ, ತಲೆನೋವಿದ್ದರೆ ಇಲ್ಲ ಎನ್ನುತ್ತಾರೆ. ದೊಡ್ಡಕ್ಕನ ಮೇಲೆ ನಂಬಿಕೆ ಇಲ್ಲದ್ದಕ್ಕಲ್ಲ, ಅವರ ಕೈಯಲ್ಲೇ ಆಗಲಿ ಎಂಬ ಆಸೆಗೆ. ಎಷ್ಟು ತಿಂಗಳು ಎಂದರೆ ಒಂದು ಕಡಿಮೆಯೇ ಹೇಳುವುದು, ಯಾರ ಕಣ್ಣೂ ತಾಕದಿರಲಿ ಅಂತ. ದೊಡ್ಡಕ್ಕ ಹೂಂ ಎಂದು ತಲೆಯಾಡಿಸಿ, ಹೊಟ್ಟೆ ಅಳೆದು, ತಮ್ಮದೇ ಲೆಕ್ಕ ಹಾಕಿಕೊಳ್ಳುತ್ತಾರೆ. ಇದನ್ನು ನಿನ್ನ ಟೀಚರಿಗೆ ಹೇಳು, ಪುಸ್ತಕದಲ್ಲಿ ಇರಲಿಕ್ಕಿಲ್ಲ.

ಟೀಚರಮ್ಮನದು ಬೇರೆಯೇ ದೂರು. ಪುಕ್ಕಟೆ ಎಂದರೆ ಅವಳ ಅತ್ತೆಗೆ ಅನುಮಾನ, ಒಳ್ಳೆಯದಾಗಿದ್ದರೆ ಯಾಕೆ ಸುಮ್ಮನೆ ಕೊಡುತ್ತಾರೆ ಎಂಬ ವಾದ. ಮೇಲಾಗಿ ದೊಡ್ಡಕ್ಕ ಪ್ರತಿಯೊಬ್ಬ ಬಸುರಿಯನ್ನೂ, ಮನೆಯಲ್ಲಿ ಹೊಡೆಯುತ್ತಾರಾ ಎಂದು ಕೇಳಬೇಕಂತೆ, ಮೇಲಿನವರ ಆಜ್ಞೆ. "ಅದನ್ನ ಅತ್ತೆ ಎದುರಿಗೆ ಕೇಳಿದ್ರೆ ಇಲ್ಲ ಅನ್ನದೆ ಇನ್ನೇನು ಹೇಳ್ಲಿ?" ಎಂದಳು. ಆಮೇಲೆ ದೊಡ್ಡಕ್ಕ ಅದಕ್ಕೂ ಉಪಾಯ ಕಂಡುಕೊಂಡರಂತೆ. ಆ ಪ್ರಶ್ನೆ ಬರುವ ಹೊತ್ತಿಗೆ ಅತ್ತೆಯಂದಿರನ್ನು ಬಿಸಿನೀರು ತರಲು ಕಳಿಸುತ್ತಾರೆ. ಬಿಸಿನೀರು ಪಕ್ಕದಲ್ಲೇ ಇರುತ್ತದೆ. ನಾವು ನಾಲ್ವರೂ ಬಹಳ ನಕ್ಕೆವು.

ಅದೇ ನಗುವಿನ ಮೇಲೆ ನಾನು ನಿನ್ನ ವಿಷಯ ಎತ್ತಿದೆ. "ಮಾರ್ಚಿಗೆ ದೊಡ್ಡಕ್ಕ ಹೋದ್ರೆ ಅವರ ಜಾಗಕ್ಕೆ ನಮ್ಮ ಪುಟ್ಟೀನೇ ಬರ್ತಾಳೆ ನೋಡಿ" ಎಂದೆ.

ನಗು ನಿಂತಿತು. ಬೇಕರಿಯವಳು ಏನೋ ಹೇಳಬೇಕಲ್ಲ ಎಂಬಂತೆ, "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲಕ್ಕ" ಎಂದಳು. ನಾನು ಪೆದ್ದಿ, ತಮಾಷೆಯೆಂದೇ ತಿಳಿದು, "ಹಿತ್ತಲಲ್ಲಿದ್ರೆ ಕಿತ್ತು ಅರೆಯೋಕೆ ಸುಲಭ" ಎಂದೆ. ಯಾರೂ ನಗಲಿಲ್ಲ. ಟೀಚರಮ್ಮ ನನ್ನ ಗುಂಡಿ ಡಬ್ಬಿಯಲ್ಲಿ ಬಿಳಿ ಗುಂಡಿ ಬೇರೆ, ಕರಿ ಗುಂಡಿ ಬೇರೆ ಮಾಡುತ್ತ ಕೂತಳು.

ಕೊನೆಗೆ ಕೋಳಿಯವಳೇ ಬಾಯಿಬಿಟ್ಟಳು. "ಸುತ್ತಿ ಬಳಸಿ ಯಾಕೆ ಹೇಳೋದು? ತಪ್ಪು ತಿಳ್ಕೋಬೇಡಿ ಅಕ್ಕ. ಪುಟ್ಟಿ ಚಿನ್ನದಂಥ ಹುಡುಗಿ. ಆದ್ರೆ ಮಗು ಕಳ್ಕೊಂಡವಳು. ಹುಟ್ಟಿದ ಕೂಸನ್ನ ಮೊದಲು ಎತ್ತಿಕೊಳ್ಳೋ ಕೈ ಅವಳದಾಗೋದು ಬೇಡ. ದೊಡ್ಡಕ್ಕ ಅಂದ್ರೆ ಇಬ್ಬರು ಗಂಡುಮಕ್ಕಳ ತಾಯಿ, ಎಲ್ಲೋ ದೂರದಲ್ಲಿ ಚೆನ್ನಾಗಿದ್ದಾರೆ. ಅವರ ಕೈ ತುಂಬಿದ ಕೈ. ನನ್ನ ತಂಗಿಗೆ ಈಗ ದಿನ ಹತ್ರ ಬರ್ತಾ ಇದೆ. ಪುಟ್ಟಿ ಹತ್ರ ನಾನು ಕಳಿಸಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. "ನನ್ನ ಮಗಳ ಕೂಸು ಹೋಗಿದ್ದು ಹೃದಯದಲ್ಲಿ ತೂತು ಇದ್ದಿದ್ದಕ್ಕೆ. ಅವಳ ಕೈಯಿಂದ ಅಲ್ಲ. ಡಾಕ್ಟರೇ ಹೇಳಿದ್ದಾರೆ. ಅವಳ ಕೈಯಲ್ಲಿ ಏನಿದೆ ಅಂತ ನೀನು ನೋಡಿದ್ದೀಯಾ?" ಎಂದು ಕೂಗಾಡಿದೆ. ಅವಳ ಬಟ್ಟೆಯನ್ನು ಹೊಲಿಯದೆ ಹಾಗೇ ಮಡಚಿ ಕೈಗಿಟ್ಟೆ. ಅವಳು ತೆಗೆದುಕೊಂಡು ಹೋದಳು. ಮರುದಿನ ಬೆಳಿಗ್ಗೆ ಮೊಟ್ಟೆ ತುಂಬಿದ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಪ್ಪಾಯಿತು ಎನ್ನಲು ಬಂದಿದ್ದಾಳೆ ಎಂದುಕೊಂಡೆ. "ನಾನು ಹೇಳಿದ್ದು ನನ್ನೊಬ್ಬಳ ಮಾತಲ್ಲ ಅಕ್ಕ. ಬೇರೆಯವರು ನಿಮ್ಮ ಬೆನ್ನ ಹಿಂದೆ ಹೇಳ್ತಾರೆ, ನಾನು ಮುಂದೆ ಹೇಳಿದೆ" ಎಂದು ಬುಟ್ಟಿ ಇಟ್ಟು ಹೋದಳು. ನಿಜವೇ. ಆ ವಾರ ಹೊಲಿಗೆಗೆ ಬಂದವರನ್ನೆಲ್ಲ ಹಾಗೂ ಹೀಗೂ ಮಾತಿಗೆ ಎಳೆದು ನೋಡಿದೆ. ನಿನ್ನ ಹೆಸರು ಬಂದ ಕೂಡಲೇ ಒಬ್ಬಳಿಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತದೆ, ಇನ್ನೊಬ್ಬಳಿಗೆ ಬಸ್ಸು. ಟೀಚರಮ್ಮ ಮಾತ್ರ ಒಬ್ಬಳೇ ಬಂದು, ತನಗೇನೂ ಅಭ್ಯಂತರವಿಲ್ಲ ಎಂದಳು. ಖುಷಿಪಡುವಷ್ಟರಲ್ಲಿ, "ನನಗೆ ಇನ್ನು ಮಕ್ಕಳು ಬೇಡ ಅಂತ ಇದ್ದೀನಲ್ಲ" ಎಂದು ಸೇರಿಸಿದಳು.

ಬಿಸಿ ತುಪ್ಪದ ಹಾಗಾಯಿತು ನನಗೆ, ನುಂಗಲೂ ಆಗದು, ಉಗುಳಲೂ ಆಗದು. ಅಪ್ಪನ ಹತ್ತಿರ ಹೇಳಲಾರದೆ ದೊಡ್ಡಕ್ಕನ ಹತ್ತಿರ ಹೋದೆ. ಹಳೆ ಅಂಚೆ ಕಚೇರಿಯ ಹಿಂದಿನ ಆ ಎರಡು ಕೋಣೆ ನಿನಗೆ ನೆನಪಿರದೆ ಇರುತ್ತದೆಯೇ. ಕಿಟಕಿಯ ಗಾಜಿಗೆ ಅರ್ಧದವರೆಗೆ ಹಸಿರು ಬಣ್ಣ, ಆ ತಗ್ಗು ಮಂಚ, ಅವರು ಕೂರುವ ಪ್ಲಾಸ್ಟಿಕ್ ಸ್ಟೂಲು ಎಲ್ಲ ಹಾಗೇ ಇವೆ. ದೊಡ್ಡಕ್ಕ ಹಿಂದಿನ ಕಟ್ಟೆಯ ಮೇಲೆ ರಬ್ಬರ್ ಹಾಸು ತೊಳೆಯುತ್ತಿದ್ದರು. ನಾನು ನಿಂತಲ್ಲೇ ಅತ್ತುಕೊಂಡು ಎಲ್ಲ ಹೇಳಿದೆ. ಅವರು ನಲ್ಲಿ ನಿಲ್ಲಿಸಿದರು.

"ನನಗೆ ಮಕ್ಕಳೆಷ್ಟು ಗೊತ್ತಾ ನಿಮಗೆ?" ಎಂದು ಕೇಳಿದರು.

"ಇಬ್ಬರು, ಗಂಡು" ಎಂದೆ.

"ಇಬ್ಬರು ಅನ್ನೋದು ಸರಿ. ಗಂಡು ಅನ್ನೋದೂ ಸರಿ. ದೊಡ್ಡವನು ಉಸಿರೇ ಇಲ್ಲದೆ ಹುಟ್ಟಿದ. ಚಿಕ್ಕವನು ಅಂಬೆಗಾಲಿಡೋ ತನಕ ಇದ್ದ. ಈ ಊರಿಗೆ ಬಂದ ಹೊಸದರಲ್ಲಿ ಯಾರೋ ಮಕ್ಕಳೆಷ್ಟು ಅಂದ್ರು. ಬಾಯಿಗೆ ಇಬ್ಬರು ಅಂತ ಬಂತು. ಎಲ್ಲಿದ್ದಾರೆ ಅಂದ್ರು. ದೂರ ಅಂದೆ. ನಾನು ಹೇಳಿದ್ದು ಅಷ್ಟೇ. ಆಮೇಲೆ ಅವರನ್ನ ಬೆಳೆಸಿದ್ದು ನಿಮ್ಮೂರ ಹೆಂಗಸರೇ. ಒಬ್ಬನನ್ನ ಇಂಜಿನಿಯರ್ ಮಾಡಿದ್ರು. ಇನ್ನೊಬ್ಬನಿಗೆ ಮದುವೆ ಮಾಡಿದ್ರು. ಅವನ ಮದುವೆ ಆದದ್ದು ನನಗೇ ತಡವಾಗಿ ಗೊತ್ತಾಯ್ತು" ಎಂದು ನಕ್ಕರು. ಆ ನಗು ನೋಡಲಾಗಲಿಲ್ಲ ಪುಟ್ಟಿ.

ನನಗೆ ಎಂಥ ಆಸೆ ಹುಟ್ಟಿತು ಗೊತ್ತೇ? ಈ ಒಂದು ಮಾತು ಅವರ ಬಾಯಿಂದ ಬಂದರೆ ಸಾಕು, ನಿನ್ನ ದಾರಿ ಸಲೀಸು. ಊರಿನ ಮಕ್ಕಳೆಲ್ಲ ಮಗು ಕಳೆದುಕೊಂಡವಳ ಕೈಯಲ್ಲೇ ಹುಟ್ಟಿ, ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿದ್ದಾರಲ್ಲ! "ಇದನ್ನ ಆ ಹೆಂಗಸರಿಗೆ ಹೇಳಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದೆ.

"ಹೇಳಿದ್ರೆ ಏನಾಗುತ್ತೆ ಗೊತ್ತಾ? ನಿಮ್ಮ ಮಗಳನ್ನ ಒಪ್ಪಲ್ಲ. ಊರಲ್ಲಿ ಯಾವ ಮಗೂಗೆ ಜ್ವರ ಬಂದ್ರೂ, ಯಾವ ಹುಡುಗ ಪರೀಕ್ಷೇಲಿ ಫೇಲಾದ್ರೂ ನನ್ನ ಕೈ ನೆನಪಾಗುತ್ತೆ. ಸರ್ಕಾರ ನನಗೆ ಈ ಕೋಣೆ ಕೊಡ್ತು, ಔಷಧಿ ಕೊಡ್ತು, ವ್ಯಾನು ಕೊಡ್ತು. ಈ ಹೆಂಗಸರು ನೋವಲ್ಲಿ ನನ್ನ ಕೈ ಹಿಡ್ಕೊಳ್ಳೋ ಹಾಗೆ ಮಾಡಿದ್ದು ಅದ್ಯಾವುದೂ ಅಲ್ಲ. ಆ ಇಬ್ಬರು ಗಂಡುಮಕ್ಕಳು" ಎಂದರು. ಮತ್ತೆ ನಲ್ಲಿ ತಿರುಗಿಸಿ ಹಾಸು ತೊಳೆಯತೊಡಗಿದರು.

ನಾನು ಹೊರಡುವಾಗ ಕರೆದು, ಇದನ್ನು ನಿನಗೆ ಮಾತ್ರ ಬರೆಯಬಹುದು ಎಂದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಪುಟ್ಟಿ ದೂರದ ಊರು ಕೇಳಲಿ. ಯಾರಿಗೂ ಅವಳ ಗುರುತಿಲ್ಲದ ಊರು. ಮಕ್ಕಳೆಷ್ಟು ಅಂತ ಕೇಳೇ ಕೇಳ್ತಾರೆ. ಒಂದು ಅನ್ನಲಿ. ಹೆಣ್ಣು ಅನ್ನಲಿ. ಅಜ್ಜಿ ಊರಲ್ಲಿದ್ದಾಳೆ ಅನ್ನಲಿ. ಅದರಲ್ಲಿ ಸುಳ್ಳೇನಿದೆ?"

ಮನೆಗೆ ಬರುವ ದಾರಿಯಲ್ಲಿ ಯಾರು ಮಾತಾಡಿಸಿದರೋ, ಏನು ಹೇಳಿದೆನೋ ನೆನಪಿಲ್ಲ. ಬಂದು ಯಂತ್ರದ ಮುಂದೆ ಕೂತು ಸುಮ್ಮನೆ ಕಾಲು ತುಳಿದೆ, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ನನಗೆ ನಿನ್ನ ಮೇಲೆ ಮರುಕ, ಈ ಹೆಂಗಸರ ಮೇಲೆ ಸಿಟ್ಟು. ಆದರೆ ಆ ಸಿಟ್ಟನ್ನು ಬಹಳ ಹೊತ್ತು ಹಿಡಿದುಕೊಳ್ಳಲೂ ಆಗುವುದಿಲ್ಲ. ನಿನ್ನ ಕೂಸು ಹೋದಾಗ ಎಲ್ಲರಿಗಿಂತ ಮೊದಲು ಬಂದು ನಿನ್ನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವಳು ಇದೇ ಕೋಳಿಯವಳು. ಅಳುವಾಗ ಜೊತೆಗೆ ಅಳುತ್ತಾರೆ, ಹೆರುವಾಗ ಮಾತ್ರ ದೂರ ಇರು ಎನ್ನುತ್ತಾರೆ. ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಆದ್ದರಿಂದ ನಾನು ಹೇಳುವುದು ಇಷ್ಟು. ಈ ಊರಿಗೆ ಅರ್ಜಿ ಹಾಕಬೇಡ. ನೀನು ಬಂದು, ಬಾಗಿಲು ತೆರೆದುಕೊಂಡು, ಆ ಸ್ಟೂಲಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಒಬ್ಬಳೇ ಕೂತಿರುವುದನ್ನು ನಾನು ನೋಡಲಾರೆ. ನಿನ್ನ ಕಣ್ಣೆದುರಿಗೇ ವ್ಯಾನಿನಲ್ಲಿ ಪಟ್ಟಣಕ್ಕೆ ಹೋಗುತ್ತಾರೆ, ಯಾವ ದೊಡ್ಡಾಸ್ಪತ್ರೆಗೆ ಹೆದರಿ ಕಾಲಿನ ಬಾವು ಮುಚ್ಚಿಡುತ್ತಿದ್ದರೋ ಅಲ್ಲಿಗೇ. ಅಪ್ಪನಿಗೆ ನಾನು ಹೇಳಿಕೊಳ್ಳುತ್ತೇನೆ. ಎರಡು ದಿನ ಊಟ ಬಿಡುತ್ತಾರೆ, ಮೂರನೆಯ ದಿನ ಹಸಿವಾಗುತ್ತದೆ. ಅಳಿಯಂದಿರಿಗೆ ನೀನೇ ಹೇಳು. ರಿಪೇರಿಗೆ ಕೆಟ್ಟ ಬೈಕು ಇಲ್ಲದ ಊರು ಎಲ್ಲಿದೆ, ಅಂಗಡಿ ಎಲ್ಲಾದರೂ ನಡೆಯುತ್ತದೆ.

ಕೂಸು ಮಲಗಿರುವ ಜಾಗವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಸುತ್ತ ಕಲ್ಲು ಜೋಡಿಸಿದ್ದೇನೆ, ದನ ತುಳಿಯುವುದಿಲ್ಲ. ನೀನು ಎಲ್ಲಿದ್ದರೂ ನಿನ್ನ ಕೈಗೆ ಯಶಸ್ಸು ಬರಲಿ. ನಿನ್ನ ಕೈಯಲ್ಲಿ ಹುಟ್ಟುವ ಮಕ್ಕಳು ನೂರು ವರ್ಷ ಬಾಳಲಿ. ಹೊತ್ತಿಗೆ ಸರಿಯಾಗಿ ಉಣ್ಣು, ಓದುವ ನೆಪದಲ್ಲಿ ನಿದ್ದೆಗೆಡಬೇಡ.

ಇಂತಿ,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಲು ಎದ್ದವಳು ಮತ್ತೆ ಕೂತಿದ್ದೇನೆ. ನಿನ್ನ ಅತ್ತಿಗೆ ಬಸುರಿ. ನಿನಗೆ ತಿಳಿಸಬೇಡಿ ಎಂದು ಅವಳು ಹೇಳಲಿಲ್ಲ, ತಿಳಿಸದೆ ಇಟ್ಟವಳು ನಾನು. ದೊಡ್ಡಕ್ಕ ಹೋದ ಮೇಲೆ ಅವಳ ದಿನ ತುಂಬುತ್ತದೆ. ಈ ಗಲಾಟೆಯೆಲ್ಲ ಅವಳ ಕಿವಿಗೂ ಬಿದ್ದಿದೆ. ನಿನ್ನೆ ಪಾತ್ರೆ ಒರೆಸುತ್ತ, "ಊರವರು ಏನಾದ್ರೂ ಅಂದ್ಕೊಳ್ಳಲಿ ಅತ್ತೆ. ಪುಟ್ಟಿ ಬರಲಿ. ನನ್ನ ಮಗೂನ ಅವಳೇ ಎತ್ತಿಕೊಳ್ಳಲಿ. ಅದನ್ನ ನೋಡಿದ್ರೆ ಉಳಿದವರಿಗೂ ಧೈರ್ಯ ಬರುತ್ತೆ" ಎಂದಳು. ಊರಿಗೆಲ್ಲ ಒಬ್ಬಳು ಸಾಕಿತ್ತು ಪುಟ್ಟಿ, ಆ ಒಬ್ಬಳು ನಮ್ಮ ಮನೆಯಲ್ಲೇ ಇದ್ದಳು. ದೊಡ್ಡಕ್ಕನ ಬಾಯಿಂದ ಎಲ್ಲವನ್ನೂ ಕೇಳಿಕೊಂಡು ಬಂದವಳು ನಾನು, ಕೈಗೂ ಸಾವಿಗೂ ಸಂಬಂಧವಿಲ್ಲ ಎಂದು ಎಲ್ಲರಿಗಿಂತ ಚೆನ್ನಾಗಿ ತಿಳಿದವಳು. ನನ್ನ ಬಾಯಿಂದ ಬಂದದ್ದು "ಬೇಡಮ್ಮ, ನಾವು ದೊಡ್ಡಾಸ್ಪತ್ರೆಗೇ ಹೋಗೋಣ" ಎಂಬ ಮಾತು. ಅವಳು ಪಾತ್ರೆ ಕೆಳಗಿಟ್ಟು, "ಯಾಕತ್ತೆ?" ಎಂದಳು. ನಾನು ಹಿತ್ತಲಿಗೆ ಹೋಗಿಬಿಟ್ಟೆ.